ಆಲೆಮನೆಯ ಹಬೆಯಿಂದ ಹೈಡ್ರೋಜನ್: ಲೆಕ್ಕ ಎಲ್ಲಿ ಕೂಡುತ್ತದೆ?

ಮಂಡ್ಯದಿಂದ ಕೆ.ಎಂ. ದೊಡ್ಡಿ ಕಡೆ ಹೋಗುವ ದಾರಿಯಲ್ಲಿ, ಗದ್ದೆ ಪಕ್ಕದ ಒಂದು ಆಲೆಮನೆಯಲ್ಲಿ ಮೊನ್ನೆ ಅರ್ಧ ದಿನ ಕೂತಿದ್ದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕೊತಕೊತ ಕುದಿಯುತ್ತಿತ್ತು. ಒಬ್ಬರು ಮೇಲೆ ಬಂದ ಮಡ್ಡಿ ತೆಗೆದು ಪಕ್ಕಕ್ಕೆ ಹಾಕುತ್ತಿದ್ದರು. ಹಬೆ ಎಷ್ಟು ದಟ್ಟವಾಗಿತ್ತು ಅಂದರೆ ನನ್ನ ಕನ್ನಡಕ ಒರೆಸಿ ಒರೆಸಿ ಸಾಕಾಯಿತು. ಆ ಹಬೆಯೆಲ್ಲಾ ಚಾವಣಿಯ ಸಂದಿಯಿಂದ ಆಕಾಶಕ್ಕೆ ಹೋಗುತ್ತಿತ್ತು. ಹಿಂದುಗಡೆ ಚಿಮಣಿಯಿಂದ ಹೊಗೆಯ ಜೊತೆ ಇನ್ನಷ್ಟು ಬಿಸಿ ಹೋಗುತ್ತಿತ್ತು.

ಇಂಥ ಬಿಸಿಯಿಂದ ಹೈಡ್ರೋಜನ್ ಇಂಧನ ಮಾಡಬಹುದು ಅನ್ನುವ ಮಾತು ಈಗ ಜಾಸ್ತಿ ಕೇಳಿಬರುತ್ತಿದೆ. ನಾವು ಶಾಲೆಯಲ್ಲಿ ಜಲಜನಕ ಅಂತ ಓದಿದ್ದೇ ಈ ಹೈಡ್ರೋಜನ್. ಉರಿಸಿದರೆ ನೀರಾಗುತ್ತದೆ, ಇಂಗಾಲದ ಹೊಗೆ ಇಲ್ಲ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ತಯಾರಿಸಬೇಕು ಅನ್ನುವುದು ಗುರಿ. ಹಾಗಿರುವಾಗ ಸಕ್ಕರೆ ಕಾರ್ಖಾನೆ, ಆಲೆಮನೆ, ರೇಷ್ಮೆ ನೂಲು ತೆಗೆಯುವ ಘಟಕ ಎಲ್ಲಾ ಇರುವ ನಮ್ಮ ಮಂಡ್ಯ–ಮೈಸೂರಿನಲ್ಲಿ ಸುಮ್ನೆ ಹೋಗುವ ಬಿಸಿಯ ಮೇಲೆ ಕಣ್ಣು ಬೀಳುವುದು ಸಹಜ ತಾನೆ.

ನನಗೂ ಈ ಆಸೆ ಇದೆ. ಆದರೆ ಲೆಕ್ಕ ಹಾಕಿ ನೋಡಿದ ಮೇಲೆ ಒಂದು ವಿಷಯ ಖಚಿತವಾಯಿತು. ಕಡಿಮೆ ಕಾವಿನ ಬಿಸಿಯನ್ನು ಮೊದಲು ಕರೆಂಟ್ ಮಾಡಿ, ಆ ಕರೆಂಟ್‌ನಿಂದ ಹೈಡ್ರೋಜನ್ ಮಾಡಲು ಹೊರಟರೆ ಕೈಗೆ ಸಿಗುವುದು ಚೂರು. ಅದೇ ಬಿಸಿಯನ್ನು ಬಿಸಿಯಾಗಿಯೇ ದುಡಿಸಿಕೊಂಡರೆ, ಅಂದರೆ ಒಣಗಿಸಲು, ಕಾಯಿಸಲು, ಆವಿ ಮಾಡಲು ಹಚ್ಚಿದರೆ, ಹೈಡ್ರೋಜನ್‌ಗೆ ಅದು ನಿಜವಾಗಿ ನೆರವಾಗುತ್ತದೆ.

ಮೊದಲು ಆಲೆಮನೆಯಿಂದಲೇ ಶುರು ಮಾಡೋಣ. ದಿನಕ್ಕೆ 10 ಟನ್ ಕಬ್ಬು ಅರೆಯುವ ಆಲೆಮನೆ ಅಂದುಕೊಳ್ಳಿ. ಸುಮಾರು 6 ಟನ್ ಹಾಲು ಬರುತ್ತದೆ. ಅದು ಕುದಿದು 1 ಟನ್ ಬೆಲ್ಲ ಆಗುತ್ತದೆ. ಉಳಿದ 5 ಟನ್ ಅಷ್ಟೂ ನೀರು, ಹಬೆಯಾಗಿ ಹೋಗುತ್ತದೆ. ಒಂದು ಕಿಲೋ ನೀರು ಆವಿಯಾಗಲು ಬೇಕಾದ ಶಾಖ 2,260 ಕಿಲೋಜೂಲ್. 5 ಟನ್‌ಗೆ ಲೆಕ್ಕ ಹಾಕಿದರೆ, ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ, 3,000 ಯೂನಿಟ್‌ಗೂ ಜಾಸ್ತಿ. ಗೃಹಜ್ಯೋತಿಯ 200 ಯೂನಿಟ್ ಮಿತಿಯನ್ನು ಪೂರ್ತಿ ಬಳಸುವ 15 ಮನೆಗಳ ಒಂದು ತಿಂಗಳ ಲೆಕ್ಕ ಅದು. ಒಂದೇ ಆಲೆಮನೆಯಿಂದ, ಒಂದೇ ದಿನದಲ್ಲಿ.

ನೀರನ್ನು ಒಡೆದು ಹೈಡ್ರೋಜನ್ ತೆಗೆಯುವ ಯಂತ್ರಕ್ಕೆ ಎಲೆಕ್ಟ್ರೊಲೈಸರ್ ಅಂತಾರೆ. ಒಂದು ಕಿಲೋ ಹೈಡ್ರೋಜನ್‌ಗೆ ಅದು 50ರಿಂದ 55 ಯೂನಿಟ್ ಕರೆಂಟ್ ತಿನ್ನುತ್ತದೆ. ಹಾಗಾದರೆ 3,000 ಯೂನಿಟ್ ಬಿಸಿಯಿಂದ 60 ಕಿಲೋ ಹೈಡ್ರೋಜನ್ ಬರಬೇಕಲ್ವಾ? ಬರುವುದಿಲ್ಲ. ಎಲ್ಲರೂ ಜಾರುವುದು ಇಲ್ಲೇ. ಬಿಸಿಯ ಯೂನಿಟ್ಟೂ ಕರೆಂಟಿನ ಯೂನಿಟ್ಟೂ ಒಂದೇ ಅಳತೆಯವು, ಆದರೆ ಒಂದೇ ಬೆಲೆಯವಲ್ಲ.

ಯಾಕೆ ಅಂತ ತಿಳಿಯಲು ಶಿವನಸಮುದ್ರ ನೆನಪಿಸಿಕೊಳ್ಳಿ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು. ಅದೇ ಕಾವೇರಿ ನೀರು ಮಂಡ್ಯದ ನಾಲೆಗಳಲ್ಲೂ ಹರಿಯುತ್ತದೆ. ಗದ್ದೆಯ ತೂಬಿನ ಮುಂದೆ ಟರ್ಬೈನ್ ಇಟ್ಟರೆ ಏನು ತಾನೆ ತಿರುಗೀತು? ನೀರು ಬೇಕಾದಷ್ಟಿದೆ, ಬೀಳುವ ಎತ್ತರ ಇಲ್ಲ. ಬಿಸಿಗೂ ಇದೇ ನಿಯಮ. ಉಷ್ಣಾಂಶ ಅನ್ನುವುದೇ ಬಿಸಿಯ ಎತ್ತರ. ಸಾಡಿ ಕಾರ್ನೊ ಅನ್ನುವ ಫ್ರೆಂಚ್ ಎಂಜಿನಿಯರ್ 1824ರಲ್ಲಿ ಈ ವಿಷಯ ಬಿಡಿಸಿ ಹೇಳಿದಾಗ, ಆತ ಕೊಟ್ಟ ಹೋಲಿಕೆಯೂ ಬೀಳುವ ನೀರಿನದ್ದೇ.

ಕಾರ್ನೊ ಲೆಕ್ಕ ಬಹಳ ಸುಲಭ. 80 ಡಿಗ್ರಿ ಬಿಸಿನೀರು ಇದೆ, ಹೊರಗಿನ ಗಾಳಿ 30 ಡಿಗ್ರಿ ಇದೆ ಅನ್ನೋಣ. ಎರಡರ ನಡುವಿನ ಅಂತರ 50. ಬಿಸಿನೀರಿನ ಉಷ್ಣಾಂಶಕ್ಕೆ 273 ಕೂಡಿಸಿದರೆ 353. 50ನ್ನು 353ರಿಂದ ಭಾಗಿಸಿ. ಶೇಕಡ 14 ಬರುತ್ತದೆ. ಎಂಥ ಅದ್ಭುತ ಯಂತ್ರ ತಂದರೂ 100 ಯೂನಿಟ್ ಬಿಸಿಯಿಂದ 14 ಯೂನಿಟ್‌ಗಿಂತ ಜಾಸ್ತಿ ಕರೆಂಟ್ ತೆಗೆಯಲು ಆಗುವುದಿಲ್ಲ. ಇದು ಪ್ರಕೃತಿಯೇ ಹಾಕಿದ ಬೇಲಿ. ನಿಜವಾದ ಯಂತ್ರಗಳು ಇದರ ಅರ್ಧ ಮುಟ್ಟಿದರೂ ಒಳ್ಳೆಯದು ಅನ್ನಬೇಕು. ಶೇಕಡ 6 ಅಂತ ಇಟ್ಟುಕೊಳ್ಳೋಣ.

ಈಗ ಸಕ್ಕರೆ ಕಾರ್ಖಾನೆಯ ಮಟ್ಟಕ್ಕೆ ಬನ್ನಿ. 80 ಡಿಗ್ರಿಯ ಬಿಸಿ 1 ಮೆಗಾವ್ಯಾಟ್‌ನಷ್ಟು ಸಿಗುತ್ತಿದೆ, ಅಂದರೆ ಗಂಟೆಗೆ 1,000 ಯೂನಿಟ್. ಅದರಿಂದ ಕರೆಂಟ್ 60 ಯೂನಿಟ್. ಹೈಡ್ರೋಜನ್ ಗಂಟೆಗೆ 1 ಕಿಲೋ ಚಿಲ್ಲರೆ. ಹಗಲು ರಾತ್ರಿ ಓಡಿಸಿದರೆ ದಿನಕ್ಕೆ 26 ಕಿಲೋ. ಒಂದು ಹೈಡ್ರೋಜನ್ ಬಸ್ಸು ಮೈಸೂರಿಂದ ಬೆಂಗಳೂರಿಗೆ ಒಂದು ಸಲ ಹೋಗಿ ಬರಲು ಇಷ್ಟು ಬೇಕು. ರೈತರ ಲೆಕ್ಕದಲ್ಲಿ ಹೇಳಬೇಕು ಅಂದರೆ, 45 ಕಿಲೋ ಯೂರಿಯಾ ಚೀಲವೊಂದಕ್ಕೆ ಸುಮಾರು 4.5 ಕಿಲೋ ಹೈಡ್ರೋಜನ್ ಬೇಕು. 26 ಕಿಲೋ ಅಂದರೆ ದಿನಕ್ಕೆ 6 ಚೀಲ ಯೂರಿಯಾಕ್ಕೆ ಆಗುವಷ್ಟು. 24,000 ಯೂನಿಟ್ ಬಿಸಿ ಸುರಿದು 6 ಚೀಲ! ಅದಕ್ಕೋಸ್ಕರ ಟರ್ಬೈನ್, ಎಲೆಕ್ಟ್ರೊಲೈಸರ್, ಟ್ಯಾಂಕು ಎಲ್ಲಾ ಹಾಕಬೇಕು. ಅದೂ ಕಬ್ಬು ಅರೆಯುವ ತಿಂಗಳುಗಳಲ್ಲಿ ಮಾತ್ರ ಓಡುತ್ತದೆ.

ಟರ್ಬೈನ್ ಬಿಟ್ಟು ಬೇರೆ ದಾರಿ ಹುಡುಕುತ್ತಿರುವವರೂ ಇದ್ದಾರೆ. ಅವರ ಕೆಲಸ ನನಗೆ ನಿಜವಾಗಲೂ ಇಷ್ಟ. ಒಂದು ದಾರಿ ಉಪ್ಪುನೀರಿನದ್ದು. ಉಪ್ಪು ಜಾಸ್ತಿ ಇರುವ ನೀರು, ಕಡಿಮೆ ಇರುವ ನೀರು, ಎರಡರ ನಡುವೆ ತೆಳು ಪೊರೆಗಳನ್ನು ಸಾಲಾಗಿ ಇಟ್ಟರೆ ಅಲ್ಲಿ ಸಣ್ಣದಾಗಿ ವಿದ್ಯುತ್ ಹುಟ್ಟುತ್ತದೆ. ಎರಡೂ ನೀರು ಬೆರೆತು ಸಮ ಆದಮೇಲೆ ವಿದ್ಯುತ್ ನಿಲ್ಲುತ್ತದೆ. ಆಗ ಉಪ್ಪನ್ನು ಮತ್ತೆ ಬೇರ್ಪಡಿಸಬೇಕು. ಇದಕ್ಕೆ ಅಮೋನಿಯಂ ಬೈಕಾರ್ಬನೇಟ್ ಬಳಸುತ್ತಾರೆ. ಬೇಕರಿಯವರು ಬಿಸ್ಕತ್ ಉಬ್ಬಿಸಲು ಹಾಕುವ ಪುಡಿಯೇ ಇದು. ಅದರ ದ್ರಾವಣವನ್ನು 60 ಡಿಗ್ರಿ ಆಸುಪಾಸಿನಲ್ಲಿ ಕಾಯಿಸಿದರೆ ಉಪ್ಪು ಅನಿಲವಾಗಿ ಹಾರಿಹೋಗುತ್ತದೆ. ತಣ್ಣಗೆ ಮಾಡಿದರೆ ಮತ್ತೆ ಉಪ್ಪಾಗಿ ಕೂಡುತ್ತದೆ. ಕಾರ್ಖಾನೆ ಹೊರಗೆ ಬಿಡುವ ಬಿಸಿಯೇ ಈ ಕೆಲಸಕ್ಕೆ ಸಾಕು. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಲೋಗನ್ ಅವರ ತಂಡ ಇದಕ್ಕೆ ಕೊಳಕು ನೀರನ್ನು ತಿನ್ನುವ ಬ್ಯಾಕ್ಟೀರಿಯಾವನ್ನೂ ಜೋಡಿಸಿ, 2012ರಲ್ಲಿ ಹೈಡ್ರೋಜನ್ ತೆಗೆದು ತೋರಿಸಿತು. ಅದೇ ಹೊತ್ತಿನಲ್ಲಿ ಬ್ಯಾಟರಿ ದಾರಿಯೂ ಬೆಳೆಯಿತು. ಒಂದು ಉಷ್ಣಾಂಶದಲ್ಲಿ ಚಾರ್ಜ್ ಮಾಡಿ ಇನ್ನೊಂದರಲ್ಲಿ ಖಾಲಿ ಮಾಡಿದರೆ ನಡುವೆ ಸ್ವಲ್ಪ ಕರೆಂಟ್ ಲಾಭವಾಗಿ ಉಳಿಯುತ್ತದೆ. 2014ರಲ್ಲಿ ಅಮೆರಿಕದ ಎಂಐಟಿ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳ ಸಂಶೋಧಕರು 10ರಿಂದ 60 ಡಿಗ್ರಿಯ ನಡುವೆ ಶೇಕಡ 5.7ರ ದಕ್ಷತೆ ವರದಿ ಮಾಡಿದರು.

ಇವೆಲ್ಲ ಜಾಣ ಕೆಲಸಗಳು. ಆದರೂ ಕಾರ್ನೊ ಹಾಕಿದ ಬೇಲಿಯ ಒಳಗೇ ಇವೆ. ಯಾವ ಪೊರೆ, ಯಾವ ಬ್ಯಾಟರಿ ಬಂದರೂ 80 ಡಿಗ್ರಿ ಬಿಸಿಯ ನೂರರಲ್ಲಿ 86 ಪಾಲು ಹೊರಗೆ ಹೋಗಲೇಬೇಕು. ಪೊರೆಗೆ ದುಡ್ಡು ಬೇರೆ. ಯಾರಾದರೂ ಕಾರ್ಖಾನೆಗೆ ಬಂದು, ನಿಮ್ಮ ಬಿಸಿನೀರಿನಿಂದ ನೇರವಾಗಿ ಹೈಡ್ರೋಜನ್ ಮಾಡಿಕೊಡುತ್ತೇವೆ ಅಂದರೆ, ಬಿಸಿ ಎಷ್ಟು ಡಿಗ್ರಿ ಅಂತ ಮೊದಲು ಕೇಳಿ. ಆಮೇಲೆ ದಿನಕ್ಕೆ ಎಷ್ಟು ಕಿಲೋ ಅಂತ ಕೇಳಿ.

ಹಾಗಾದರೆ ಬಿಸಿಯನ್ನು ಬಿಸಿಯಾಗಿ ಬಳಸುವುದು ಅಂದರೆ ಏನು? ಸಕ್ಕರೆಯವರಿಗೆ ಇದು ಹೊಸತಲ್ಲ. ಜಗತ್ತಿಗೆ ಇದನ್ನು ಕಲಿಸಿದ್ದೇ ಸಕ್ಕರೆ. ನಾರ್ಬರ್ಟ್ ರಿಲಿಯು ಅನ್ನುವ ಕಪ್ಪು ಮೂಲದ ಎಂಜಿನಿಯರ್ ಅಮೆರಿಕದ ಲೂಯಿಸಿಯಾನಾದಲ್ಲಿ 1843ರಲ್ಲಿ ಒಂದು ಪೇಟೆಂಟ್ ಪಡೆದ. ಗುಲಾಮಗಿರಿ ಇನ್ನೂ ಇದ್ದ ಕಾಲ ಅದು. ಮೊದಲ ಪಾತ್ರೆಯ ಹಬೆಯಿಂದ ಎರಡನೆಯ ಪಾತ್ರೆ ಕಾಯಿಸುವುದು, ಎರಡನೆಯದರ ಹಬೆಯಿಂದ ಮೂರನೆಯದನ್ನು. ಒಳಗಿನ ಗಾಳಿಯ ಒತ್ತಡ ಇಳಿಸಿದರೆ ಕಡಿಮೆ ಉಷ್ಣಾಂಶದಲ್ಲೂ ಹಾಲು ಕುದಿಯುತ್ತದೆ. ಹಾಗಾಗಿ ಒಂದೇ ಹಬೆ ಮೂರು ನಾಲ್ಕು ಸಲ ದುಡಿಯುತ್ತದೆ. ಮಂಡ್ಯದ ಮೈಸೂರು ಸಕ್ಕರೆ ಕಾರ್ಖಾನೆ 1933ರಲ್ಲಿ ಹುಟ್ಟುವ ಹೊತ್ತಿಗೆ ಇದು ಎಲ್ಲಾ ಕಡೆ ಮಾಮೂಲಿಯಾಗಿತ್ತು. ಆಧುನಿಕ ಕಾರ್ಖಾನೆಯಲ್ಲಿ ಟರ್ಬೈನ್ ತಿರುಗಿಸಿ ಹೊರಬಂದ ಹಬೆಯೇ ಹಾಲು ಕುದಿಸುತ್ತದೆ. ಕೊನೆಗೆ ಉಳಿಯುವುದು ಎರಡು. ಕೊನೆಯ ಹಬೆಯನ್ನು ತಣಿಸುವ ಕಂಡೆನ್ಸರ್‌ನಿಂದ ಬರುವ 40–50 ಡಿಗ್ರಿಯ ನೀರು ಒಂದು. ಬಾಯ್ಲರ್ ಚಿಮಣಿಯಲ್ಲಿ ಹೋಗುವ 150 ಡಿಗ್ರಿ ಆಸುಪಾಸಿನ ಹೊಗೆ ಇನ್ನೊಂದು. ನನ್ನ ಕಣ್ಣು ಈ ಹೊಗೆಯ ಮೇಲೆ.

ಆಲೆಮನೆಯಲ್ಲಿ ಒಲೆ ಉರಿಸುವವರನ್ನು ಮಾತಾಡಿಸಿದ್ದೆ. ಇಷ್ಟೊಂದು ಬಿಸಿ ಹೋಗುತ್ತಲ್ಲಣ್ಣ, ಹೊಟ್ಟೆ ಉರಿಯಲ್ವಾ ಅಂದೆ. ಅವರು ಬಯಲಿನಲ್ಲಿ ಹರಡಿದ್ದ ಕಬ್ಬಿನ ಸಿಪ್ಪೆ ಕಡೆ ಕೈ ತೋರಿಸಿದರು. "ಬಿಸಿ ಹೋದ್ರೆ ಹೋಗ್ಲಿ ಕಣಪ್ಪ. ಮಳೆ ಬರ್ದೆ ಅದೊಂದು ಒಣಗಿದ್ರೆ ಸಾಕು. ಹಸಿ ಸಿಪ್ಪೆ ಹಾಕುದ್ರೆ ಒಲೆ ಬರೀ ಹೊಗೆ ಕಾರ್ತದೆ." ಗಾಣದಿಂದ ಬಂದ ಸಿಪ್ಪೆಯನ್ನು ಒಂದೆರಡು ದಿನ ಬಿಸಿಲಿಗೆ ಹರಡಿ, ತಿರುವಿ ಹಾಕಿ, ಆಮೇಲೆ ಒಲೆಗೆ ಒಯ್ಯುತ್ತಾರೆ. ಒಂದು ಹಿಡಿ ಎತ್ತಿ ನೋಡಿದೆ. ಮೇಲಿನದು ಗರಿಗರಿ. ಕೆಳಗಿನದು ಇನ್ನೂ ಅಂಟಂಟು, ಹುಳಿ ವಾಸನೆ. ಹತ್ತು ಮಾರು ದೂರದಲ್ಲಿ ಚಿಮಣಿ ಬಿಸಿ ಗಾಳಿ ಉಗುಳುತ್ತಿದೆ, ಇಲ್ಲಿ ಸಿಪ್ಪೆ ಬಿಸಿಲಿಗೆ ಕಾಯುತ್ತಿದೆ. ಹೈಡ್ರೋಜನ್ ದಾರಿ ಈ ಹತ್ತು ಮಾರಿನಲ್ಲಿ ಇದೆ ಅಂತ ನನಗೆ ಅನ್ನಿಸಿದ್ದು ಆಗಲೇ.

ಯಾಕೆಂದರೆ ಹೈಡ್ರೋಜನ್ ನೀರಿನಿಂದ ಮಾತ್ರ ಬರುವುದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎಸ್. ದಾಸಪ್ಪ ಅವರ ತಂಡ ಕೃಷಿ ತ್ಯಾಜ್ಯ, ಕಟ್ಟಿಗೆಯಂಥ ಜೀವರಾಶಿಯಿಂದ ಹೈಡ್ರೋಜನ್ ತೆಗೆಯುವ ವಿಧಾನ ರೂಪಿಸಿದೆ. ಜೀವರಾಶಿಯನ್ನು ಆಮ್ಲಜನಕ ಮತ್ತು ಹಬೆಯ ಜೊತೆ ಅನಿಲ ಮಾಡಿ, ಅದರಿಂದ ಹೈಡ್ರೋಜನ್ ಬೇರ್ಪಡಿಸುತ್ತಾರೆ. 2022ರಲ್ಲಿ ಅವರು ಹೇಳಿದ ಅಂಕಿ: ಒಂದು ಕಿಲೋ ಜೀವರಾಶಿಗೆ 100 ಗ್ರಾಂ ಹೈಡ್ರೋಜನ್. ಆ ಒಂದು ಕಿಲೋದಲ್ಲಿ ಮೊದಲೇ ಇರುವ ಹೈಡ್ರೋಜನ್ 60 ಗ್ರಾಂ ಮಾತ್ರ. ಉಳಿದದ್ದು ಹಬೆಯಿಂದ ಬರುತ್ತದೆ.

ಸಕ್ಕರೆ ಕಾರ್ಖಾನೆಯಲ್ಲಿ ಒಂದು ಟನ್ ಕಬ್ಬಿಗೆ 280–300 ಕಿಲೋ ಸಿಪ್ಪೆ ಬರುತ್ತದೆ. ಅದರಲ್ಲಿ ಅರ್ಧಕ್ಕರ್ಧ ನೀರು. ಇಷ್ಟು ಹಸಿಯಾದ ಸಿಪ್ಪೆ ಅನಿಲ ಮಾಡುವ ಕುಲುಮೆಗೆ ಆಗಿಬರುವುದಿಲ್ಲ. ಕಾವಿನ ದೊಡ್ಡ ಪಾಲು ನೀರು ಆರಿಸುವುದಕ್ಕೇ ಹೋಗಿಬಿಡುತ್ತದೆ. ಹಾಗಾಗಿ ಮೊದಲು ಒಣಗಿಸಬೇಕು. ಒಣಗಿಸಲು ಎತ್ತರದ ಉಷ್ಣಾಂಶ ಬೇಕಿಲ್ಲ. 80 ಡಿಗ್ರಿ ಗಾಳಿ ಸಾಕು, 150 ಡಿಗ್ರಿ ಹೊಗೆ ಇದ್ದರೆ ಧಾರಾಳ.

ಮತ್ತೆ ಅದೇ ಗಂಟೆಗೆ 1,000 ಯೂನಿಟ್ ಬಿಸಿ ತೆಗೆದುಕೊಳ್ಳಿ. ನಷ್ಟವೆಲ್ಲ ಕಳೆದರೂ ಅದು ಗಂಟೆಗೆ ಸುಮಾರು 1 ಟನ್ ನೀರು ಆರಿಸುತ್ತದೆ. ಶೇಕಡ 50 ನೀರಿರುವ 2.4 ಟನ್ ಸಿಪ್ಪೆ ಶೇಕಡ 15ಕ್ಕೆ ಇಳಿಯುತ್ತದೆ. ಒಣ ಸತ್ವ 1.2 ಟನ್. ಮೇಲಿನ ಅಂಕಿಯಲ್ಲಿ ಗುಣಿಸಿದರೆ ಗಂಟೆಗೆ 120 ಕಿಲೋ ಹೈಡ್ರೋಜನ್. ಕರೆಂಟ್ ದಾರಿಯಲ್ಲಿ ಬಂದದ್ದು 1 ಕಿಲೋ ಚಿಲ್ಲರೆ! ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಈ 120 ಕಿಲೋದಲ್ಲಿರುವ ಶಕ್ತಿ ಸಿಪ್ಪೆಯದು, ಹೊಗೆಯದಲ್ಲ. ಹೊಗೆ ದಾರಿ ಮಾಡಿಕೊಟ್ಟಿತು ಅಷ್ಟೆ. ಆಮ್ಲಜನಕ ತಯಾರಿಸಲು, ಅನಿಲ ಶುದ್ಧ ಮಾಡಲು ಬೇರೆ ಕರೆಂಟ್ ಬೇಕು. ಆದರೂ ದಾರಿ ಮಾಡಿಕೊಡುವ ಕೆಲಸಕ್ಕೆ ಒಳ್ಳೆಯ ಕಟ್ಟಿಗೆಯನ್ನೋ ಕರೆಂಟನ್ನೋ ಸುಡುವ ಬದಲು, ಹೇಗೂ ಹೊರಗೆ ಹೋಗುವ ಹೊಗೆ ಬಳಸಿದ್ದು ದೊಡ್ಡ ಲಾಭ.

ಹೊಗೆಯಿಂದ ಸಿಪ್ಪೆ ಒಣಗಿಸುವುದು ಹಳೆಯ ವಿದ್ಯೆ. ಲೂಯಿಸಿಯಾನಾದ ಸಕ್ಕರೆ ಕಾರ್ಖಾನೆಯಲ್ಲಿ 1910ರ ಸುಮಾರಿಗೇ ಮಾಡಿ ನೋಡಿದ್ದರು. ಅಪಾಯವೂ ಇದೆ. ಒಣ ಸಿಪ್ಪೆಯ ಧೂಳು ಕಿಡಿ ಕಂಡರೆ ಸಾಕು, ಹೊತ್ತಿಕೊಳ್ಳುತ್ತದೆ. ಹೊಗೆಯಲ್ಲಿ ಕಿಡಿ ಬರದಂತೆ, ಉಷ್ಣಾಂಶ ಏರದಂತೆ ನೋಡಿಕೊಳ್ಳಬೇಕು. ಒಳಗೆ ಕೆಲಸ ಮಾಡುವವರು ನಮ್ಮ ಊರಿನ ಹುಡುಗರು. ಈ ಖರ್ಚಿನಲ್ಲಿ ಒಂದು ರೂಪಾಯಿಯೂ ಉಳಿಸಬಾರದು.

ನೀರು ಒಡೆಯುವ ದಾರಿಯಲ್ಲೂ ಬಿಸಿಗೆ ಇದೇ ರೀತಿಯ ಕೆಲಸ ಉಂಟು. ನೀರಿನ ಬದಲು ಹಬೆಯನ್ನು ಒಡೆಯುವ ಎಲೆಕ್ಟ್ರೊಲೈಸರ್‌ಗಳು ಬಂದಿವೆ. 700–800 ಡಿಗ್ರಿಯಲ್ಲಿ ಓಡುತ್ತವೆ. ಹಬೆಯನ್ನು ಹೊರಗಿನಿಂದ ಕೊಟ್ಟರೆ ಕಿಲೋಗೆ 40 ಯೂನಿಟ್ ಆಸುಪಾಸಿನಲ್ಲಿ ಕೆಲಸ ಮುಗಿಸುತ್ತವೆ. ಒಂದು ಕಿಲೋ ಹೈಡ್ರೋಜನ್‌ಗೆ 9 ಲೀಟರ್ ನೀರು ಬೇಕು. ಅದನ್ನು ಕಾಯಿಸಿ ಹಬೆ ಮಾಡಲು 6 ಯೂನಿಟ್‌ಗೂ ಜಾಸ್ತಿ ಶಾಖ. ಈ 6 ಯೂನಿಟ್ ಚಿಮಣಿ ಬಿಸಿಯಿಂದ ಬಂದರೆ ಅಷ್ಟು ಕರೆಂಟ್ ಪೂರ್ತಿ ಉಳಿಯಿತು. ನೂರಕ್ಕೆ 6 ಅನ್ನುವ ಮಾತೇ ಇಲ್ಲ, ಒಂದಕ್ಕೆ ಒಂದು. ಇಂಥ ಯಂತ್ರ ಇನ್ನೂ ದುಬಾರಿ. ಆದರೆ ಲೆಕ್ಕದ ದಿಕ್ಕು ಸರಿಯಾಗಿದೆ.

ನೀರಿನ ಮಾತು ಬಂತು. ಮಂಡ್ಯದಲ್ಲಿ ನೀರಿನ ವಿಷಯ ಹಗುರವಾಗಿ ಆಡುವಂಥದ್ದಲ್ಲ. ಕಟ್ಟೆ ತುಂಬದ ವರ್ಷ ನಾಲೆಗೆ ನೀರಿಲ್ಲದೆ ಪೈರು ಒಣಗುವುದನ್ನು ಇಲ್ಲಿ ಎಲ್ಲರೂ ಕಂಡಿದ್ದಾರೆ. ಅಂಥ ಊರಲ್ಲಿ ಹೈಡ್ರೋಜನ್ ಕಾರ್ಖಾನೆಗೆ ಕಾವೇರಿ ನೀರು ಅಂದರೆ ಯಾರು ಒಪ್ಪುತ್ತಾರೆ? ಒಪ್ಪಲೂ ಬಾರದು. ಆದರೆ ಕಬ್ಬಿನ ಒಳಗೇ ಶೇಕಡ 70ರಷ್ಟು ನೀರು ಇದೆ. ಆಲೆಮನೆಯಲ್ಲಿ ಆಕಾಶಕ್ಕೆ ಹೋದ 5 ಟನ್ ಆ ನೀರೇ. ಸಕ್ಕರೆ ಕಾರ್ಖಾನೆಯಲ್ಲಿ ಹಬೆ ತಣಿದು ನೀರಾಗಿ ಸಿಗುತ್ತದೆ. ಶುದ್ಧ ಮಾಡಿಕೊಂಡರೆ ಹೈಡ್ರೋಜನ್‌ಗೆ ಅದೇ ಸಾಕು. ಹೊಸದಾಗಿ ನಾಲೆ ನೀರು ಕೇಳದೆ, ಕಬ್ಬಿನ ನೀರಿನಲ್ಲೇ ಮಾಡಬೇಕು ಅನ್ನುವುದನ್ನು ಮೊದಲ ಷರತ್ತು ಮಾಡಬೇಕು ಅಂತ ನನ್ನ ಅಭಿಪ್ರಾಯ.

ಎರಡನೆಯ ಷರತ್ತು ಸಿಪ್ಪೆಯದು. ಕಾರ್ಖಾನೆಗಳಲ್ಲಿ ಸಿಪ್ಪೆ ಈಗಾಗಲೇ ಬಾಯ್ಲರ್‌ಗೆ ಹೋಗುತ್ತದೆ, ಕರೆಂಟ್ ಆಗುತ್ತದೆ. ಹೈಡ್ರೋಜನ್‌ಗೆ ಸಿಪ್ಪೆ ಕೊಟ್ಟು ಬಾಯ್ಲರ್‌ಗೆ ಕಲ್ಲಿದ್ದಲು ಹಾಕಿದರೆ ಮಾಡಿದ್ದೆಲ್ಲ ನೀರುಪಾಲು. ಹಸಿರು ಅನ್ನಿಸಿಕೊಳ್ಳಲು ಒಂದು ಕಿಲೋ ಹೈಡ್ರೋಜನ್‌ಗೆ 2 ಕಿಲೋ ಇಂಗಾಲದ ಡೈಆಕ್ಸೈಡ್ ಮೀರಬಾರದು ಅಂತ ಕೇಂದ್ರ 2023ರಲ್ಲಿ ಮಿತಿ ಹಾಕಿದೆ. ಜೀವರಾಶಿಯ ಹೈಡ್ರೋಜನ್ನೂ ಆ ಲೆಕ್ಕದ ಒಳಗೆ ಬರುತ್ತದೆ. ಒಣಗಿದ ಸಿಪ್ಪೆ ಚೆನ್ನಾಗಿ ಉರಿಯುವುದರಿಂದ ಬಾಯ್ಲರ್‌ಗೇ ಕಡಿಮೆ ಸಿಪ್ಪೆ ಸಾಕಾಗುತ್ತದೆ. ಹಾಗೆ ಉಳಿದದ್ದು ಮಾತ್ರ ಹೈಡ್ರೋಜನ್‌ಗೆ ಹೋಗಲಿ. ಗದ್ದೆಯಲ್ಲಿ ಬೆಂಕಿ ಹಚ್ಚುವ ಕಬ್ಬಿನ ತರಗು ಕೂಡ ಬರಲಿ. ಆದರೆ ದನದ ಬಾಯಿಗೆ ಹೋಗುವ ಹಸಿ ಸೋಗೆಗೂ ಭತ್ತದ ಹುಲ್ಲಿಗೂ ಯಾರೂ ಕೈ ಹಾಕಬಾರದು.

ರೈತರ ಪಾಲಿನ ಮಾತನ್ನೂ ಈಗಲೇ ಆಡಬೇಕು, ಯಂತ್ರ ಬಂದಮೇಲೆ ಅಲ್ಲ. ಸಕ್ಕರೆ ಮತ್ತು ಸಿಪ್ಪೆ, ಕಾಕಂಬಿ, ಮಡ್ಡಿಯಂಥ ಉಪ ಉತ್ಪನ್ನಗಳ ಆದಾಯದಲ್ಲಿ ಶೇಕಡ 70 ಬೆಳೆಗಾರರಿಗೆ ಸಿಗಬೇಕು ಅಂತ, ಸಕ್ಕರೆ ಉದ್ಯಮದ ಬಗ್ಗೆ ಕೇಂದ್ರ ನೇಮಿಸಿದ್ದ ರಂಗರಾಜನ್ ಸಮಿತಿ 2012ರಲ್ಲಿ ಶಿಫಾರಸು ಮಾಡಿತ್ತು. ಸಿಪ್ಪೆ ಹೈಡ್ರೋಜನ್ ಆಗುವುದಾದರೆ ಅದು ಸೌದೆಯ ಬೆಲೆಯ ಸರಕಲ್ಲ. ಯಾವ ಬೆಲೆಗೆ ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ ಅನ್ನುವುದರ ಮೇಲೆ ಬೆಳೆಗಾರನಿಗೆ ಇದರಿಂದ ಏನು ದಕ್ಕುತ್ತದೆ ಅನ್ನುವುದು ನಿಂತಿದೆ.

ಇನ್ನು ಆಲೆಮನೆ. ಅಲ್ಲಿ ಹೈಡ್ರೋಜನ್ ಯಂತ್ರ ಕೂರಿಸುವ ಮಾತು ಬೇಡ. ತೀರಾ ಸಣ್ಣದು, ಹಬೆಯೂ ಗಾಳಿ ಜೊತೆ ಬೆರೆತು ಬೇಗ ತಣಿಯುತ್ತದೆ. ಆ 3,000 ಯೂನಿಟ್ ಅಷ್ಟನ್ನೂ ಹಿಡಿದು ಕರೆಂಟ್ ಮಾಡಿದರೂ ದಿನಕ್ಕೆ ಮೂರು ಕಿಲೋ ಹೈಡ್ರೋಜನ್ ಬಂದೀತು. ಅದರ ಬದಲು ಚಿಮಣಿಗೆ ಹೋಗುವ ಹೊಗೆಯ ದಾರಿಯಲ್ಲಿ ಇನ್ನೊಂದು ಕೊಪ್ಪರಿಗೆ ಇಟ್ಟು, ಹಸಿ ಹಾಲನ್ನು 30ರಿಂದ 70 ಡಿಗ್ರಿಗೆ ಕಾಯಿಸಿಕೊಳ್ಳಿ. ಸಾಲು ಒಲೆಯ ಆಲೆಮನೆಗಳಲ್ಲಿ ಮಾಡುವುದು ಇದನ್ನೇ. 6 ಟನ್ ಹಾಲಿಗೆ ಇದರಿಂದ ದಿನಕ್ಕೆ ಸುಮಾರು 200 ಕಿಲೋ ಒಣ ಸಿಪ್ಪೆ ಉಳಿಯುತ್ತದೆ. ಅದು 20 ಕಿಲೋ ಹೈಡ್ರೋಜನ್‌ಗೆ ಬೇಕಾದ ಸರಕು. ಒಂದು ಕೊಪ್ಪರಿಗೆ, ಸ್ವಲ್ಪ ಇಟ್ಟಿಗೆ ಕೆಲಸ, ಅಷ್ಟೆ. ಹತ್ತಾರು ಆಲೆಮನೆಗಳ ಉಳಿಕೆ ಸಿಪ್ಪೆ ಹತ್ತಿರದ ಒಂದು ಕಡೆ ಸೇರಿದರೆ ಅಲ್ಲಿ ಘಟಕ ನಡೆಯಬಹುದು.

ನಾನು ಹೊರಡುವಾಗ ಮೋಡ ಕಟ್ಟಿತ್ತು. ಒಲೆ ಉರಿಸುವ ಅಣ್ಣ ಕೆಲಸ ಬಿಟ್ಟು ಓಡಿದರು. ಇಬ್ಬರು ಹೆಂಗಸರು ಟಾರ್ಪಾಲು ಹಿಡಿದು ಬಂದರು. ಹರಡಿದ್ದ ಸಿಪ್ಪೆಯನ್ನು ಗುಡ್ಡೆ ಮಾಡುವಷ್ಟರಲ್ಲಿ ಹನಿ ಬಿತ್ತು. ಅರ್ಧ ಸಿಪ್ಪೆ ನೆನೆಯಿತು. ಪಕ್ಕದಲ್ಲೇ ಚಿಮಣಿ ಬಿಸಿ ಗಾಳಿ ಬಿಡುತ್ತಲೇ ಇತ್ತು.